ಆ 2 ಗ್ರಾಂ ಎಲ್ಲಿಗೆ ಹೋಯಿತು? ಮೋಲ್ ಲೆಕ್ಕಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಕೆಮಿಸ್ಟ್ರಿಯಲ್ಲಿ ಮೋಲ್ ಲೆಕ್ಕಗಳು ಶುರುವಾದಾಗಿನಿಂದ ತಲೆ ಕೆಟ್ಟುಹೋಗಿದೆ. ಮೊನ್ನೆ ಟೆಸ್ಟ್‌ನಲ್ಲಿ '6 ಗ್ರಾಂ ಹೈಡ್ರೋಜನ್ ಮತ್ತು 32 ಗ್ರಾಂ ಆಕ್ಸಿಜನ್ ಸೇರಿಸಿ ಕಿಡಿ ಹಾರಿಸಿದರೆ ಎಷ್ಟು ಗ್ರಾಂ ನೀರು ಸಿಗುತ್ತದೆ' ಅಂತ ಕೇಳಿದ್ದರು. ರಾಶಿ ನಾಶವಾಗುವುದಿಲ್ಲ ಅಂತ ಹೈಸ್ಕೂಲಿನಲ್ಲೇ ಓದಿದ್ದೆ. ಅದಕ್ಕೇ ಎರಡನ್ನೂ ಕೂಡಿಸಿ 38 ಅಂತ ಬರೆದೆ. ಸರಿ ಉತ್ತರ 36 ಅಂತೆ. ಹಾಗಾದರೆ ಆ 2 ಗ್ರಾಂ ಎಲ್ಲಿಗೆ ಹೋಯಿತು? ಟ್ಯೂಷನ್‌ನಲ್ಲಿ ಏಳೆಂಟು ಫಾರ್ಮುಲಾ ಬರೆಸಿದ್ದಾರೆ. ಯಾವ ಲೆಕ್ಕಕ್ಕೆ ಯಾವುದು ಹಾಕಬೇಕು ಅನ್ನೋದೇ ಗೊತ್ತಾಗಲ್ಲ. ಏನಾದರೂ ದಾರಿ ಹೇಳಿ ಸರ್.

ಉತ್ತರ: ನೋಡಮ್ಮ, ಮೊದಲು ಆ 2 ಗ್ರಾಂ ವಿಷಯ ಮುಗಿಸೋಣ. ಅದು ಎಲ್ಲಿಗೂ ಹೋಗಿಲ್ಲ. ಅದೇ ಪಾತ್ರೆಯಲ್ಲಿ ಹೈಡ್ರೋಜನ್ ಆಗಿಯೇ ಉಳಿದುಕೊಂಡಿದೆ. 36 ಗ್ರಾಂ ನೀರು, 2 ಗ್ರಾಂ ಹೈಡ್ರೋಜನ್, ಒಟ್ಟು 38. ನೀನು ಓದಿದ ನಿಯಮ ಸರಿ, ಕೂಡಿಸಿದ್ದೂ ಸರಿ. ಆದರೆ ಪಾತ್ರೆಯಲ್ಲಿ ಒಟ್ಟು ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. ಅದರಲ್ಲಿ ನೀರು ಎಷ್ಟು ಅಂತ ಕೇಳಿದರು. ಹಾಕಿದ್ದೆಲ್ಲ ನೀರಾಗಿಯೇ ತೀರುತ್ತದೆ ಅಂತ ನೀನು ಅಂದುಕೊಂಡೆ. ಎಡವಿದ್ದು ಅಲ್ಲಿ.

ಇನ್ನೊಂದು ಮಾತು. ಯಾವುದೋ ಫಾರ್ಮುಲಾಕ್ಕೆ ಸುಮ್ನೆ ನಂಬರ್ ತುಂಬಿಸಿ 36 ಬರೆದವರಿಗೆ 2 ಗ್ರಾಂ ಉಳಿದಿದೆ ಅನ್ನುವುದೇ ಗೊತ್ತಿರಲಿಕ್ಕಿಲ್ಲ. ಮಾರ್ಕ್ಸ್ ಅವರಿಗೆ ಬಂದಿರುತ್ತದೆ. ಆದರೂ ನಿನ್ನ ಪ್ರಶ್ನೆಯೇ ಜಾಸ್ತಿ ಬೆಲೆಬಾಳುವಂಥದ್ದು.

ಹೈಡ್ರೋಜನ್ ಯಾಕೆ ಉಳಿಯಿತು? ಸಮೀಕರಣ ಬರೆಯೋಣ. ಇಲ್ಲಿ ಸಂಕೇತಗಳ ಬದಲು ಹೆಸರುಗಳನ್ನೇ ಬರೆಯುತ್ತೇನೆ, ಓದಲು ಸುಲಭ.

2 ಹೈಡ್ರೋಜನ್ + 1 ಆಕ್ಸಿಜನ್ → 2 ನೀರು

ಈ 2, 1, 2 ಅನ್ನುವುದು ಅಣುಗಳ ಎಣಿಕೆ. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು ಸೇರಿ ಎರಡು ನೀರಿನ ಅಣು. ಸಮೀಕರಣಕ್ಕೆ ಎಣಿಸುವುದು ಮಾತ್ರ ಗೊತ್ತು, ತೂಗುವುದು ಗೊತ್ತಿಲ್ಲ. ಪ್ರಶ್ನೆಪತ್ರಿಕೆಯೋ, ಮಾತೆತ್ತಿದರೆ ಗ್ರಾಂ ಅನ್ನುತ್ತದೆ. ಈ ಪಾಠದ ಗೋಳೆಲ್ಲ ಇಲ್ಲಿಂದಲೇ ಹುಟ್ಟುವುದು. ಗ್ರಾಂಗಳನ್ನು ನೇರವಾಗಿ ಸಮೀಕರಣದ ಅಂಕಿಗಳಿಗೆ ಗುಣಿಸಿದರೆ, ಭಾಗಿಸಿದರೆ, ಎಂದೂ ಸರಿಹೋಗುವುದಿಲ್ಲ. ಮೊದಲು ಗ್ರಾಂ ಅನ್ನು ಎಣಿಕೆಗೆ ತಿರುಗಿಸಬೇಕು. ಸಮೀಕರಣದ ಕೆಲಸ ಎಣಿಕೆಯಲ್ಲೇ ಮುಗಿಸಬೇಕು. ಕೊನೆಯಲ್ಲಿ ಮತ್ತೆ ಗ್ರಾಂಗೆ ಬರಬೇಕು. ನನ್ನ ಉತ್ತರದಲ್ಲಿ ಇದೊಂದೇ ವಿಷಯ ಇರುವುದು. ಮುಂದೆ ಬರುವುದೆಲ್ಲ ಇದರದ್ದೇ ಬೇರೆ ಬೇರೆ ವೇಷ.

ಮದುವೆ ಮನೆಯಲ್ಲಿ ತಾಂಬೂಲ ಜೋಡಿಸುವ ಕೆಲಸ ನಿನ್ನ ಪಾಲಿಗೂ ಬಂದಿರುತ್ತದೆ, ಅಲ್ವಾ? ಒಂದು ತಾಂಬೂಲಕ್ಕೆ ಎರಡು ವೀಳ್ಯದೆಲೆ, ಒಂದು ಅಡಿಕೆ ಅಂತ ಇಟ್ಟುಕೊಳ್ಳೋಣ. ಎಲೆಯನ್ನು ಎಣಿಸಿ ಕೊಡುತ್ತಾರೆ, ಅಡಿಕೆಯನ್ನು ತೂಗಿ ಕೊಡುತ್ತಾರೆ. 200 ಎಲೆ ಇದೆ, 640 ಗ್ರಾಂ ಅಡಿಕೆ ಇದೆ. ಎಷ್ಟು ತಾಂಬೂಲ ಆಗುತ್ತದೆ? 200ನ್ನೂ 640ನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ ಏನೂ ಹೊಳೆಯುವುದಿಲ್ಲ. ಒಂದು ಅಡಿಕೆ ಸುಮಾರು 8 ಗ್ರಾಂ ಅಂತ ಗೊತ್ತಾದರೆ ಸಾಕು. 640ನ್ನು 8ರಿಂದ ಭಾಗಿಸಿದರೆ 80 ಅಡಿಕೆ. ಈಗ ಎರಡೂ ಎಣಿಕೆಯಲ್ಲಿವೆ. 80 ಅಡಿಕೆಗೆ 160 ಎಲೆ ಬೇಕು. ಇರುವುದು 200. ಅಂದರೆ 80 ತಾಂಬೂಲ ಆದಮೇಲೆ ಅಡಿಕೆ ಮುಗಿಯುತ್ತದೆ, 40 ಎಲೆ ಉಳಿಯುತ್ತದೆ. ಮೊದಲು ಮುಗಿದ ಅಡಿಕೆಗೆ ನಿನ್ನ ಪುಸ್ತಕ ಲಿಮಿಟಿಂಗ್ ರಿಯೇಜೆಂಟ್ ಅನ್ನುತ್ತದೆ. ಎಲೆ ಎಕ್ಸೆಸ್.

ಅಡಿಕೆಯ 8 ಗ್ರಾಂ ಇದ್ದ ಹಾಗೆ ಪ್ರತಿ ಅಣುವಿಗೂ ಒಂದು ತೂಕ ಇದೆ. ಆದರೆ ಅಣು ತೀರಾ ಚಿಕ್ಕದು, ಒಂದೊಂದನ್ನೇ ಹಿಡಿದು ತೂಗಲು ಆಗುವುದಿಲ್ಲ. ಅದಕ್ಕೇ ದೊಡ್ಡ ಗುಂಪಾಗಿ ಎಣಿಸುತ್ತೇವೆ. ಆ ಗುಂಪಿನ ಹೆಸರೇ ಮೋಲ್. 6022 ಬರೆದು ಅದರ ಮುಂದೆ 20 ಸೊನ್ನೆ ಹಾಕು. ಹತ್ತಿರ ಹತ್ತಿರ ಅಷ್ಟು ಅಣುಗಳಿದ್ದರೆ ಒಂದು ಮೋಲ್. 2019ರ ಮೇ 20ರಿಂದ ಈ ಸಂಖ್ಯೆಯನ್ನು 6.02214076 ಗುಣಿಸು 10ರ 23ನೇ ಘಾತ ಅಂತ ಪ್ರಪಂಚಕ್ಕೆಲ್ಲ ಒಂದೇ ಆಗಿ ಗೊತ್ತುಮಾಡಿದ್ದಾರೆ. ಲೆಕ್ಕ ಮಾಡುವಾಗ ಈ ದೊಡ್ಡ ಸಂಖ್ಯೆಯ ಗೊಡವೆ ನಿನಗೆ ಹೆಚ್ಚಾಗಿ ಬೇಡ. ಒಂದು ಮೋಲ್ ಎಷ್ಟು ತೂಗುತ್ತದೆ ಅಂತ ಗೊತ್ತಿದ್ದರೆ ಸಾಕು. ಅದು ಸೂತ್ರದಲ್ಲಿರುವ ಪರಮಾಣುಗಳ ತೂಕ ಕೂಡಿಸಿದರೆ ಬರುತ್ತದೆ. ನೀರಿನಲ್ಲಿ ಎರಡು ಹೈಡ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು. 1, 1, 16, ಒಟ್ಟು 18 ಗ್ರಾಂ. ಹೈಡ್ರೋಜನ್ ಅನಿಲ ಜೋಡಿ ಪರಮಾಣುಗಳ ಅಣು, ಹಾಗಾಗಿ 2 ಗ್ರಾಂ. ಆಕ್ಸಿಜನ್ ಅನಿಲವೂ ಜೋಡಿ, 32 ಗ್ರಾಂ. ಇಲ್ಲಿ 16 ಹಾಕಿ ಕೆಡಿಸುವವರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕ್ಲೋರಿನ್ ಅನಿಲ ಅಂದ ತಕ್ಷಣ ಜೋಡಿ ಅಂತ ನೆನಪಾಗಬೇಕು.

ಈಗ ನಿನ್ನ ಲೆಕ್ಕ. 6 ಗ್ರಾಂ ಹೈಡ್ರೋಜನ್ ಭಾಗಿಸು 2, ಅಂದರೆ 3 ಮೋಲ್. 32 ಗ್ರಾಂ ಆಕ್ಸಿಜನ್ ಭಾಗಿಸು 32, ಅಂದರೆ 1 ಮೋಲ್. 1 ಮೋಲ್ ಆಕ್ಸಿಜನ್‌ಗೆ 2 ಮೋಲ್ ಹೈಡ್ರೋಜನ್ ಬೇಕು. ಇರುವುದು 3. ಆಕ್ಸಿಜನ್ ಮುಗಿಯುತ್ತದೆ, 1 ಮೋಲ್ ಹೈಡ್ರೋಜನ್ ಉಳಿಯುತ್ತದೆ, ಅದೇ ನಿನ್ನ 2 ಗ್ರಾಂ. ನೀರು 2 ಮೋಲ್, 36 ಗ್ರಾಂ. ತೂಕದಲ್ಲಿ ನೋಡಿದರೆ 32 ಗ್ರಾಂ ಇದ್ದ ಆಕ್ಸಿಜನ್ನೇ ಮೊದಲು ಮುಗಿದದ್ದು, 6 ಗ್ರಾಂ ಇದ್ದ ಹೈಡ್ರೋಜನ್ ಉಳಿದದ್ದು. ಯಾವುದರ ಗ್ರಾಂ ಕಡಿಮೆಯೋ ಅದೇ ಮೊದಲು ಮುಗಿಯುತ್ತದೆ ಅಂತ ಕಣ್ಣಂದಾಜಿನಲ್ಲಿ ಹೇಳುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಮೋಲ್‌ಗೆ ತಿರುಗಿಸಿದ ಮೇಲೂ ಒಂದು ಗುಂಡಿ ಇದೆ. ಯಾವುದರ ಮೋಲ್ ಕಡಿಮೆಯೋ ಅದೇ ಲಿಮಿಟಿಂಗ್ ಅಂತ ಬರೆದುಬಿಡುತ್ತಾರೆ. 3 ಮೋಲ್ ಹೈಡ್ರೋಜನ್, 2 ಮೋಲ್ ಆಕ್ಸಿಜನ್ ಕೊಟ್ಟರೆ? ಆಕ್ಸಿಜನ್ ಕಡಿಮೆ ಇದೆ. ಆದರೆ 2 ಮೋಲ್ ಆಕ್ಸಿಜನ್‌ಗೆ 4 ಮೋಲ್ ಹೈಡ್ರೋಜನ್ ಬೇಕು. ಅಷ್ಟಿಲ್ಲ. ಮೊದಲು ಮುಗಿಯುವುದು ಹೈಡ್ರೋಜನ್. ಅದಕ್ಕೆ ಪ್ರತಿಯೊಂದರ ಮೋಲ್ ಅನ್ನೂ ಸಮೀಕರಣದಲ್ಲಿ ಅದರ ಹಿಂದಿರುವ ಅಂಕಿಯಿಂದ ಭಾಗಿಸು. ಹೈಡ್ರೋಜನ್ 3 ಭಾಗಿಸು 2, ಒಂದೂವರೆ. ಆಕ್ಸಿಜನ್ 2 ಭಾಗಿಸು 1, ಎರಡು. ಯಾವುದು ಚಿಕ್ಕದೋ ಅದು ಲಿಮಿಟಿಂಗ್. ಹೀಗೆ ಭಾಗಿಸಿದ ಸಂಖ್ಯೆಯನ್ನು ಹೋಲಿಸುವುದಕ್ಕೆ ಮಾತ್ರ ಬಳಸು. ಮುಂದಿನ ಲೆಕ್ಕಕ್ಕೆ ಮತ್ತೆ ಮೂಲ ಮೋಲ್ ಸಂಖ್ಯೆಗೇ ಬಾ.

ಇನ್ನೊಂದು ಲೆಕ್ಕ ನಮ್ಮ ಮೈಸೂರಿನಿಂದಲೇ ತೆಗೆದುಕೊಳ್ಳೋಣ. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನಲ್ಲೇ ತಯಾರಾಗುತ್ತದೆ. ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. 1962ರ ಮಹಾಚುನಾವಣೆಯಿಂದ ಅವರ ಶಾಯಿ ಬಳಕೆಯಲ್ಲಿದೆ. ಅದರ ಜೀವಾಳ ಸಿಲ್ವರ್ ನೈಟ್ರೇಟ್. ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದರೆ ಕಪ್ಪಾಗುತ್ತದೆ, ನೀರಿಗೆ ಸೋಪಿಗೆ ಜಗ್ಗುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಉಪ್ಪಿನ ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಬೆಳ್ಳಗೆ ಮೊಸರಿನಂತೆ ಕೂರುವುದೂ ಅದೇ.

1 ಸಿಲ್ವರ್ ನೈಟ್ರೇಟ್ + 1 ಉಪ್ಪು → 1 ಸಿಲ್ವರ್ ಕ್ಲೋರೈಡ್ + 1 ಸೋಡಿಯಂ ನೈಟ್ರೇಟ್

ಎಲ್ಲ ಕಡೆ ಒಂದೊಂದೇ. ಈಗ 17 ಗ್ರಾಂ ಸಿಲ್ವರ್ ನೈಟ್ರೇಟ್, 17 ಗ್ರಾಂ ಉಪ್ಪು ಕೊಡುತ್ತೇನೆ. ಒಂದಕ್ಕೊಂದು, ತೂಕವೂ ಸಮ, ಹಾಗಾಗಿ ಏನೂ ಉಳಿಯುವುದಿಲ್ಲ ಅಂತ ಅನ್ನಿಸುತ್ತದೆ. ತೂಗಿ ನೋಡೋಣ. ಸಿಲ್ವರ್ ನೈಟ್ರೇಟ್ ಒಂದು ಮೋಲ್‌ಗೆ 170 ಗ್ರಾಂ: ಬೆಳ್ಳಿ 108, ನೈಟ್ರೋಜನ್ 14, ಮೂರು ಆಕ್ಸಿಜನ್ 48. ಉಪ್ಪು 58.5. ಹಾಗಾಗಿ ಸಿಲ್ವರ್ ನೈಟ್ರೇಟ್ 0.1 ಮೋಲ್. ಉಪ್ಪು 0.29 ಮೋಲ್, ಹತ್ತಿರ ಹತ್ತಿರ ಮೂರು ಪಟ್ಟು. ಸಿಲ್ವರ್ ನೈಟ್ರೇಟ್ ಮುಗಿದುಹೋಗುತ್ತದೆ. ಸಿಲ್ವರ್ ಕ್ಲೋರೈಡ್ 0.1 ಮೋಲ್, ಅಂದರೆ 14.35 ಗ್ರಾಂ. ಸೋಡಿಯಂ ನೈಟ್ರೇಟ್ 8.5 ಗ್ರಾಂ. ಖರ್ಚಾದ ಉಪ್ಪು 5.85 ಗ್ರಾಂ, ಉಳಿದ ಉಪ್ಪು 11.15 ಗ್ರಾಂ. ಈಗ ಕೂಡಿಸು: 14.35, 8.5, 11.15. ಒಟ್ಟು 34. ಹಾಕಿದ್ದೂ 34.

ಈ ಕೂಡಿಸುವ ಕೆಲಸವನ್ನು ಬಿಡಬೇಡ. ನಿನ್ನ 38ಕ್ಕೆ ಮಾರ್ಕ್ಸ್ ಬರಲಿಲ್ಲ ನಿಜ. ಆದರೆ ಅದರ ಹಿಂದಿದ್ದ ಯೋಚನೆಗೆ ಸರಿಯಾದ ಜಾಗ ಇದು. ಉತ್ತರ ತೆಗೆಯುವುದಕ್ಕೆ ಅಲ್ಲ, ಉತ್ತರ ಪರೀಕ್ಷಿಸುವುದಕ್ಕೆ. ಉತ್ಪನ್ನಗಳು, ಉಳಿದದ್ದು, ಎಲ್ಲ ಸೇರಿಸಿದರೆ ಹಾಕಿದಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ, ಮೇಷ್ಟ್ರು ಹೇಳುವವರೆಗೆ ಕಾಯಬೇಕಾಗಿಲ್ಲ. ಪರೀಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ.

ಇನ್ನೊಂದು ವಿಷಯ ಗಮನಿಸು. ಸಿಲ್ವರ್ ನೈಟ್ರೇಟ್ ದುಬಾರಿ, ಉಪ್ಪು ಅಗ್ಗ. ಬೆಳ್ಳಿ ಒಂದಿಷ್ಟೂ ಪೋಲಾಗಬಾರದು ಅಂದರೆ ಉಪ್ಪನ್ನು ಬೇಕಂತಲೇ ಜಾಸ್ತಿ ಹಾಕುತ್ತಾರೆ. ಕಾರ್ಖಾನೆಗಳಲ್ಲಿ ಲಿಮಿಟಿಂಗ್ ರಿಯೇಜೆಂಟ್ ಅನ್ನುವುದು ಎಷ್ಟೋ ಸಲ ಹೀಗೆ ಕಾಸಿನ ಲೆಕ್ಕದಿಂದ ಆರಿಸಿಕೊಂಡದ್ದು. ಪ್ರಶ್ನೆಯಲ್ಲೇ ಒಂದು ವಸ್ತು 'ಎಕ್ಸೆಸ್' ಇದೆ ಅಂತ ಕೊಟ್ಟಿದ್ದರೆ ಹೋಲಿಸುವ ಕೆಲಸವೇ ಇಲ್ಲ, ಇನ್ನೊಂದನ್ನು ಹಿಡಿದು ನೇರ ಲೆಕ್ಕ ಮಾಡು. ನೀನು ಕನ್ನಡ ಮೀಡಿಯಂನಿಂದ ಬಂದವಳು, ಇಂಗ್ಲಿಷ್ ಪ್ರಶ್ನೆಯನ್ನು ಎರಡು ಸಲ ಓದಿ ಇಂಥ ಪದದ ಕೆಳಗೆ ಗೆರೆ ಎಳೆದುಕೋ.

ಇಷ್ಟೆಲ್ಲ ಮಾಡುವ ಮೊದಲು ಸಮೀಕರಣ ಸರಿದೂಗಿರಬೇಕು. ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಸರಿದೂಗಿಸುವಾಗ ಅಣುವಿನ ಹಿಂದಿನ ಅಂಕಿಯನ್ನು ಮಾತ್ರ ಬದಲಿಸಬೇಕು. ಸೂತ್ರದೊಳಗೆ ಕೆಳಗೆ ಚಿಕ್ಕದಾಗಿ ಬರೆದ ಅಂಕಿಯನ್ನು ಮುಟ್ಟಬಾರದು. ನೀರಿನ ಸೂತ್ರದಲ್ಲಿ ಆಕ್ಸಿಜನ್ ಸಾಲುತ್ತಿಲ್ಲ ಅಂತ ಕೆಳಗೆ ಇನ್ನೊಂದು ಎರಡು ಬರೆದರೆ ಅದು ನೀರಾಗಿ ಉಳಿಯುವುದಿಲ್ಲ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ಅಡುಗೆ ಗ್ಯಾಸ್ ತೆಗೆದುಕೋ. ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್, ಬ್ಯುಟೇನ್ ಮಿಶ್ರಣ. ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಪೂರ್ತಿ ಬ್ಯುಟೇನ್ ಅನ್ನೋಣ. ಬ್ಯುಟೇನ್ ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್. ಉರಿದರೆ ಕಾರ್ಬನ್ ಡೈ ಆಕ್ಸೈಡ್, ನೀರು. ಮೊದಲು ಕಾರ್ಬನ್: ನಾಲ್ಕಿದೆ, ಹಾಗಾಗಿ 4 ಕಾರ್ಬನ್ ಡೈ ಆಕ್ಸೈಡ್. ಆಮೇಲೆ ಹೈಡ್ರೋಜನ್: ಹತ್ತಿದೆ, ಒಂದು ನೀರಿಗೆ ಎರಡು, ಹಾಗಾಗಿ 5 ನೀರು. ಆಕ್ಸಿಜನ್ ಕೊನೆಗೆ. ಬಲಗಡೆ 8 ಮತ್ತು 5, ಒಟ್ಟು 13 ಪರಮಾಣು. ಆಕ್ಸಿಜನ್ ಜೋಡಿಯಾಗಿ ಬರುವುದರಿಂದ ಆರೂವರೆ ಅಣು. ಅರ್ಧ ಅಣು ಚೆನ್ನಾಗಿ ಕಾಣುವುದಿಲ್ಲ, ಎಲ್ಲವನ್ನೂ ಎರಡರಿಂದ ಗುಣಿಸೋಣ.

2 ಬ್ಯುಟೇನ್ + 13 ಆಕ್ಸಿಜನ್ → 8 ಕಾರ್ಬನ್ ಡೈ ಆಕ್ಸೈಡ್ + 10 ನೀರು

ಆಕ್ಸಿಜನ್ ಅನ್ನು ಕೊನೆಗೆ ಇಟ್ಟುಕೊಂಡದ್ದು ಯಾಕೆ ಅಂದರೆ, ಎಡಗಡೆ ಅದು ಒಂಟಿಯಾಗಿದೆ. ಅದರ ಅಂಕಿ ಬದಲಿಸಿದರೆ ಬೇರೆ ಯಾವುದೂ ಕೆಡುವುದಿಲ್ಲ. ಒಂಟಿಯಾಗಿರುವ ಮೂಲವಸ್ತುವನ್ನು ಕೊನೆಗೆ ಮುಟ್ಟು ಅನ್ನುವುದು ಹೆಚ್ಚಿನ ಸಮೀಕರಣಗಳಲ್ಲಿ ಕೆಲಸಕ್ಕೆ ಬರುತ್ತದೆ.

ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್. ಪೂರ್ತಿ ಉರಿದಾಗ ಎಷ್ಟು ಕಾರ್ಬನ್ ಡೈ ಆಕ್ಸೈಡ್ ಬರುತ್ತದೆ? ಲೆಕ್ಕ ಮಾಡುವ ಮೊದಲು ಊಹಿಸು. ಕೇಳಿದವರಲ್ಲಿ ಹೆಚ್ಚಿನವರು 14ಕ್ಕಿಂತ ಕಡಿಮೆ ಹೇಳುತ್ತಾರೆ. ಬ್ಯುಟೇನ್ ಒಂದು ಮೋಲ್‌ಗೆ 58 ಗ್ರಾಂ. 14,200 ಭಾಗಿಸು 58, ಸುಮಾರು 245 ಮೋಲ್. ಅದರ ನಾಲ್ಕು ಪಟ್ಟು ಕಾರ್ಬನ್ ಡೈ ಆಕ್ಸೈಡ್, ಸುಮಾರು 979 ಮೋಲ್. ಒಂದಕ್ಕೆ 44 ಗ್ರಾಂ. ಹತ್ತಿರ ಹತ್ತಿರ 43 ಕೆಜಿ! ಜೊತೆಗೆ 22 ಕೆಜಿ ನೀರಿನ ಆವಿ. 14 ಕೆಜಿ ಗ್ಯಾಸಿನಿಂದ 65 ಕೆಜಿ ಹೇಗೆ ಬಂತು? ಗಾಳಿಯಿಂದ ಬಂದ ಆಕ್ಸಿಜನ್ ತೂಕವೇ ಸುಮಾರು 51 ಕೆಜಿ. ಅದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಯಾರೂ ಬಿಲ್ ಕೊಡುವುದಿಲ್ಲ, ಹಾಗಾಗಿ ಲೆಕ್ಕದಲ್ಲಿ ಮರೆತುಹೋಗುತ್ತದೆ. ಸೌದೆ ಉರಿದು ಬೂದಿ ಆದಾಗ ತೂಕ ಕಡಿಮೆಯಾದಂತೆ ಕಾಣುವುದೂ ಇದೇ ಕಾರಣಕ್ಕೆ, ಹೊಗೆಯನ್ನು ಯಾರೂ ತೂಗುವುದಿಲ್ಲ. ಫ್ರಾನ್ಸಿನ ಲವಾಸಿಯೇ 18ನೇ ಶತಮಾನದಲ್ಲಿ ಪಾತ್ರೆಯ ಬಾಯಿ ಮುಚ್ಚಿ, ಒಳಗಿನ ಗಾಳಿಯನ್ನೂ ಸೇರಿಸಿ ತೂಗಿದ್ದಕ್ಕೇ ರಾಶಿಯ ನಿಯಮ ಗಟ್ಟಿಯಾಯಿತು.

ಇನ್ನು ನಿಮ್ಮೂರಿನ ಲೆಕ್ಕ. ಮೈಶುಗರ್ ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾದಾಗಿನಿಂದ ಮಂಡ್ಯ ಅಂದರೆ ಸಕ್ಕರೆ. ಬಿಳಿ ಸಕ್ಕರೆ ಮಾಡುವ ನಮ್ಮ ದೇಶದ ಹೆಚ್ಚಿನ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣದ ಹಾಲು ಬೆರೆಸಿ, ಗಂಧಕ ಉರಿಸಿದ ಹೊಗೆ ಹಾಯಿಸುತ್ತಾರೆ. ಎರಡೂ ಸೇರಿ ಕ್ಯಾಲ್ಸಿಯಂ ಸಲ್ಫೈಟ್ ಆಗಿ ತಳಕ್ಕೆ ಕೂರುತ್ತದೆ, ಕೂರುವಾಗ ಕೊಳೆಯನ್ನೂ ಎಳೆದುಕೊಂಡು ಹೋಗುತ್ತದೆ. ಆಲೆಮನೆಯಲ್ಲೂ ಸುಣ್ಣ ಹಾಕುವುದನ್ನು ನೀನು ನೋಡಿರುತ್ತೀಯ.

ಪ್ರಶ್ನೆ ಹೀಗೆ. 48 ಕೆಜಿ ಗಂಧಕ ಉರಿಸಿದರೆ, ಆ ಹೊಗೆಗೆ ಸರಿಹೋಗುವಷ್ಟು ಸುಣ್ಣ ಮಾಡಲು ಎಷ್ಟು ಸುಣ್ಣದ ಕಲ್ಲು ಸುಡಬೇಕು? ಇಲ್ಲಿ ಕ್ರಿಯೆ ಒಂದಲ್ಲ. ಸುಣ್ಣದ ಕಲ್ಲು ಸುಟ್ಟರೆ ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈ ಆಕ್ಸೈಡ್. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅರಳಿದ ಸುಣ್ಣ. ಗಂಧಕ ಉರಿದರೆ ಸಲ್ಫರ್ ಡೈ ಆಕ್ಸೈಡ್. ಅರಳಿದ ಸುಣ್ಣ ಮತ್ತು ಸಲ್ಫರ್ ಡೈ ಆಕ್ಸೈಡ್ ಸೇರಿದರೆ ಕ್ಯಾಲ್ಸಿಯಂ ಸಲ್ಫೈಟ್ ಮತ್ತು ನೀರು. ನಾಲ್ಕು ಸಮೀಕರಣ. ನೋಡಿದ ಕೂಡಲೇ ಗಾಬರಿ ಆಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಗ್ರಾಂ ಕಂಡುಹಿಡಿದು, ಮತ್ತೆ ಮೋಲ್ ಮಾಡಿ, ಮತ್ತೆ ಗ್ರಾಂ ಮಾಡಿ, ಎರಡು ಪುಟ ತುಂಬಿಸುವವರಿದ್ದಾರೆ. ಏನೂ ಬೇಕಾಗಿಲ್ಲ. ನಾಲ್ಕರಲ್ಲೂ ಅಂಕಿಗಳು ಒಂದಕ್ಕೊಂದೇ. ಅಂದರೆ ಎಷ್ಟು ಮೋಲ್ ಗಂಧಕವೋ ಅಷ್ಟೇ ಮೋಲ್ ಸುಣ್ಣದ ಕಲ್ಲು. 48,000 ಗ್ರಾಂ ಭಾಗಿಸು 32, ಅದು 1,500 ಮೋಲ್. ಸುಣ್ಣದ ಕಲ್ಲು ಒಂದು ಮೋಲ್‌ಗೆ 100 ಗ್ರಾಂ. 1,50,000 ಗ್ರಾಂ, ಅಂದರೆ 150 ಕೆಜಿ. ಮುಗಿಯಿತು. ಒಮ್ಮೆ ಮೋಲ್‌ಗೆ ಬಂದಮೇಲೆ ಕೊನೆಯ ಹೆಜ್ಜೆಯವರೆಗೆ ಅಲ್ಲೇ ಇರು. ನಿಜವಾದ ಕಾರ್ಖಾನೆಯಲ್ಲಿ ಸುಣ್ಣ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಯಾಕೆಂದರೆ ಕಬ್ಬಿನ ಹಾಲಿನಲ್ಲೇ ಇರುವ ಆಮ್ಲಗಳೂ ಒಂದಿಷ್ಟು ಸುಣ್ಣ ತಿನ್ನುತ್ತವೆ.

ಈಗ ಅದಕ್ಕೇ ಒಂದು ತಿರುವು. ಸಿಕ್ಕಿದ ಕಲ್ಲು 80 ಶೇಕಡಾ ಮಾತ್ರ ಶುದ್ಧ, ಉಳಿದದ್ದು ಮಣ್ಣು ಮರಳು. ಎಷ್ಟು ಕಲ್ಲು ತರಬೇಕು? ಇಲ್ಲಿ 150ನ್ನು 0.8ರಿಂದ ಗುಣಿಸಿ 120 ಅಂತ ಬರೆಯುವವರು ಎಷ್ಟೊಂದು ಜನ! ಕೆಟ್ಟ ಕಲ್ಲು ತಂದರೆ ಕಡಿಮೆ ಸಾಕಾಗುತ್ತದಾ? ಜಾಸ್ತಿ ಬೇಕು. 150 ಭಾಗಿಸು 0.8, 187.5 ಕೆಜಿ. ಗುಣಿಸಬೇಕೋ ಭಾಗಿಸಬೇಕೋ ಅನ್ನುವುದನ್ನು ಬಾಯಿಪಾಠ ಮಾಡಬೇಡ, ಉತ್ತರ ದೊಡ್ಡದಾಗಬೇಕೋ ಚಿಕ್ಕದಾಗಬೇಕೋ ಅಂತ ನಿನ್ನನ್ನೇ ಕೇಳಿಕೋ. ಇನ್ನೂ ಒಂದು: ಆ 187.5 ಕೆಜಿ ಕಲ್ಲನ್ನು ಪೂರ್ತಿ ಸುಟ್ಟರೆ ಗೂಡಿನಲ್ಲಿ ಎಷ್ಟು ಕೆಜಿ ಉಳಿಯುತ್ತದೆ? ಸುಟ್ಟ ಸುಣ್ಣ 1,500 ಮೋಲ್, ಒಂದಕ್ಕೆ 56 ಗ್ರಾಂ, 84 ಕೆಜಿ. ಅಲ್ಲಿಗೇ ನಿಲ್ಲಿಸಬೇಡ. ಮಣ್ಣು ಮರಳು ಎಲ್ಲಿಗೂ ಹೋಗಿಲ್ಲ, ಅದು 37.5 ಕೆಜಿ. ಒಟ್ಟು 121.5. ಹಾರಿಹೋದ ಕಾರ್ಬನ್ ಡೈ ಆಕ್ಸೈಡ್ 66 ಕೆಜಿ. ಎರಡನ್ನೂ ಕೂಡಿಸಿ ನೋಡು, 187.5 ಬರುತ್ತದೆ.

ಶುದ್ಧತೆ ಶುರುವಿನಲ್ಲಿ ಬರುವ ಶೇಕಡಾ. ಯೀಲ್ಡ್, ಅಂದರೆ ಲೆಕ್ಕದ ಪ್ರಕಾರ ಸಿಗಬೇಕಾದದ್ದರಲ್ಲಿ ನಿಜವಾಗಿ ಸಿಕ್ಕಿದ್ದು ಎಷ್ಟು ಅನ್ನುವುದು, ಕೊನೆಯಲ್ಲಿ ಬರುವ ಶೇಕಡಾ. ಎರಡನ್ನೂ ಕಲಸಿಕೊಳ್ಳುವುದು ಸಾಮಾನ್ಯ. ಕಾಕಂಬಿಯಿಂದ ಆಲ್ಕೋಹಾಲ್ ತೆಗೆಯುವುದನ್ನು ನೋಡು. ಯೀಸ್ಟ್ ಒಂದು ಗ್ಲೂಕೋಸ್ ಅಣುವನ್ನು ಒಡೆದು ಎರಡು ಎಥನಾಲ್, ಎರಡು ಕಾರ್ಬನ್ ಡೈ ಆಕ್ಸೈಡ್ ಮಾಡುತ್ತದೆ. ಗ್ಲೂಕೋಸ್ 180, ಎಥನಾಲ್ 46. 90 ಕೆಜಿ ಗ್ಲೂಕೋಸ್ ಅಂದರೆ 500 ಮೋಲ್, ಅದರಿಂದ 1,000 ಮೋಲ್ ಎಥನಾಲ್, 46 ಕೆಜಿ. ಇದು ಕಾಗದದ ಮೇಲಿನ ಉತ್ತರ. ಯೀಸ್ಟ್ ತಾನೂ ಬೆಳೆಯಬೇಕು, ಅದಕ್ಕೂ ಸಕ್ಕರೆ ಬೇಕು, ಹಾಗಾಗಿ ಅಷ್ಟೂ ಸಿಗುವುದಿಲ್ಲ. ಸಿಕ್ಕಿದ್ದು 41.4 ಕೆಜಿ ಅಂತಾದರೆ ಯೀಲ್ಡ್ 90 ಶೇಕಡಾ. ಕಾಗದದ ಉತ್ತರ ಪೂರ್ತಿ ತೆಗೆದ ಮೇಲಷ್ಟೇ ಯೀಲ್ಡ್ ಹಾಕು. ಅದೇ 90 ಶೇಕಡಾದಲ್ಲಿ ನಿಜವಾಗಿಯೂ 46 ಕೆಜಿ ಎಥನಾಲ್ ಬೇಕು ಅಂದರೆ 100 ಕೆಜಿ ಗ್ಲೂಕೋಸ್ ಇಟ್ಟುಕೊಂಡು ಶುರು ಮಾಡಬೇಕು.

ಅನಿಲದ ಲೀಟರ್ ಕೇಳಿದರೆ 22.4 ನೆನಪಾಗುತ್ತದೆ. 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಒಂದು ಮೋಲ್ ಅನಿಲಕ್ಕೆ 22.4 ಲೀಟರ್. ಒತ್ತಡ 1 ಬಾರ್ ಅಂತ ಕೊಟ್ಟಿದ್ದರೆ 22.7. ಪ್ರಶ್ನೆಯಲ್ಲಿ ಏನಿದೆ ಅಂತ ನೋಡಿ ಹಾಕು. ಇದು ಅನಿಲಕ್ಕೆ ಮಾತ್ರ. ನಿನ್ನ 36 ಗ್ರಾಂ ನೀರು ತಣ್ಣಗಾದ ಮೇಲೆ 36 ಮಿಲಿಲೀಟರ್, ಅಷ್ಟೇ. 2 ಮೋಲ್ ಅಲ್ವಾ ಅಂತ 44.8 ಲೀಟರ್ ಬರೆದರೆ ಅಷ್ಟು ನೀರಿಗೆ ಎರಡು ದೊಡ್ಡ ಕ್ಯಾನ್ ಬೇಕಾಗುತ್ತದೆ! ದ್ರಾವಣದ ಲೆಕ್ಕವಾದರೆ ಮೊಲಾರಿಟಿಯನ್ನು, ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನುವುದನ್ನು, ಲೀಟರಿನಿಂದ ಗುಣಿಸಿದರೆ ಮೋಲ್ ಸಿಗುತ್ತದೆ. 0.4 ಮೊಲಾರ್ ಆಮ್ಲ 250 ಮಿಲಿಲೀಟರ್ ಇದ್ದರೆ 0.1 ಮೋಲ್. ಮಿಲಿಲೀಟರನ್ನು ಲೀಟರ್ ಮಾಡುವುದನ್ನು ಮರೆಯಬೇಡ.

ಈಗ ಟ್ಯೂಷನ್ನಿನ ಆ ಏಳೆಂಟು ಫಾರ್ಮುಲಾ. ತೂಕ ಕೊಟ್ಟಿದ್ದರೆ ಒಂದು ಮೋಲ್‌ನ ತೂಕದಿಂದ ಭಾಗಿಸು, ಅನಿಲದ ಲೀಟರ್ ಕೊಟ್ಟಿದ್ದರೆ 22.4ರಿಂದಲೋ 22.7ರಿಂದಲೋ ಭಾಗಿಸು, ದ್ರಾವಣ ಕೊಟ್ಟಿದ್ದರೆ ಗುಣಿಸು. ಈ ಮೂರೂ ಮೋಲ್‌ಗೆ ಹೋಗುವ ದಾರಿಗಳೇ. ಉಳಿದವೆಲ್ಲ ಇವನ್ನೇ ಒಂದರೊಳಗೊಂದು ಸೇರಿಸಿ ಹೊಲಿದದ್ದು. ಸಮಯ ಉಳಿಯುತ್ತದೆ ಅಂತ ಹಾಗೆ ಕೊಡುತ್ತಾರೆ. ನೀಟ್, ಸಿಇಟಿ ಹತ್ತಿರ ಬಂದಾಗ, ಕೈ ಪಳಗಿದ ಮೇಲೆ, ಅವು ಕೆಲಸಕ್ಕೆ ಬರಬಹುದು. ಫಸ್ಟ್ ಪಿಯುಸಿಯ ಶುರುವಿನಲ್ಲಿ ಅವು ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ ಮಾಡುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಸದ್ಯಕ್ಕೆ ಆ ಹಾಳೆಯನ್ನು ಪುಸ್ತಕದ ಹಿಂದಕ್ಕೆ ಸೇರಿಸು. ಪ್ರತಿ ಲೆಕ್ಕಕ್ಕೂ ಸಮೀಕರಣ ಬರೆದು, ಪ್ರತಿ ವಸ್ತುವಿನ ಕೆಳಗೆ ಮೂರು ಸಾಲು ಬರೆಯುವ ಅಭ್ಯಾಸ ಮಾಡು: ಶುರುವಿನಲ್ಲಿ ಎಷ್ಟು ಮೋಲ್ ಇತ್ತು, ಎಷ್ಟು ಖರ್ಚಾಯಿತು ಅಥವಾ ಹುಟ್ಟಿತು, ಕೊನೆಗೆ ಎಷ್ಟು ಉಳಿಯಿತು. ಗ್ರಾಂ ಆ ಸಾಲುಗಳೊಳಗೆ ಕಾಲಿಡಬಾರದು.

ಕೊನೆಗೆ ಒಂದು ಲೆಕ್ಕ ನಿನಗೇ ಬಿಡುತ್ತೇನೆ. ಕಬ್ಬಿಗೂ ಭತ್ತಕ್ಕೂ ಹಾಕುವ ಯೂರಿಯಾ ತಯಾರಾಗುವುದು ಹೀಗೆ:

2 ಅಮೋನಿಯಾ + 1 ಕಾರ್ಬನ್ ಡೈ ಆಕ್ಸೈಡ್ → 1 ಯೂರಿಯಾ + 1 ನೀರು

ಒಂದು ಮೋಲ್ ಅಮೋನಿಯಾ 17 ಗ್ರಾಂ, ಕಾರ್ಬನ್ ಡೈ ಆಕ್ಸೈಡ್ 44, ಯೂರಿಯಾ 60, ನೀರು 18. 68 ಕೆಜಿ ಅಮೋನಿಯಾ, 66 ಕೆಜಿ ಕಾರ್ಬನ್ ಡೈ ಆಕ್ಸೈಡ್ ಇದೆ. ಯಾವುದು ಮೊದಲು ಮುಗಿಯುತ್ತದೆ, ಎಷ್ಟು ಯೂರಿಯಾ ಸಿಗುತ್ತದೆ, ಏನು ಎಷ್ಟು ಉಳಿಯುತ್ತದೆ? ಕಾರ್ಬನ್ ಡೈ ಆಕ್ಸೈಡ್ ಮುಗಿದು 90 ಕೆಜಿ ಯೂರಿಯಾ, 27 ಕೆಜಿ ನೀರು ಬಂದು, 17 ಕೆಜಿ ಅಮೋನಿಯಾ ಉಳಿದರೆ ನಿನ್ನ ಲೆಕ್ಕ ಸರಿ. ಬೇರೆ ಉತ್ತರ ಬಂದರೆ ನಿನ್ನ ಮೂರು ಸಾಲುಗಳನ್ನು ಹಾಗೇ ಬರೆದು ಕಳಿಸು. ಯಾವ ಸಾಲಿನಲ್ಲಿ ತಪ್ಪಿದೆ ಅಂತ ನೋಡೋಣ.